ಕಾಫಿ ಬಿಟ್ಟ ಪಿಟ್ಸ್‌ಬರ್ಗ್ ಅಂಕಲ್

ಆ ಶನಿವಾರ ಬೆಳಿಗ್ಗೆ ನಾನು ಎದ್ದಾಗ ನಮ್ಮವರೂ ಮಗಳೂ ಇನ್ನೂ ಮಲಗಿದ್ದರು. ದೇವರ ಮುಂದೆ ದೀಪ ಹಚ್ಚಿ, ಫಿಲ್ಟರಿಗೆ ಕಾಫಿಪುಡಿ ಹಾಕಿ, ಬಿಸಿನೀರು ಸುರಿದು ಮುಚ್ಚಳ ಮುಚ್ಚಿ, ಎಂದಿನಂತೆ ಅಡುಗೆಮನೆಯ ಕಿಟಕಿಯ ಪರದೆ ಸರಿಸಿದೆ. ಸೆಪ್ಟೆಂಬರ್ ಶುರುವಾಗಿತ್ತು. ಅಂಗಳದ ಬರ್ಚ್ ಮರದಲ್ಲಿ ಅಲ್ಲೊಂದು ಇಲ್ಲೊಂದು ಎಲೆ ಹಳದಿಗೆ ತಿರುಗಿತ್ತು. ಎದುರು ಕಟ್ಟಡದ ಮೊದಲ ಮಹಡಿಯ ಬಾಲ್ಕನಿಯ ಕಂಬಿಯ ಮೇಲೆ ಟೋಪಿ ಇರಲಿಲ್ಲ. ಅಂದರೆ ಪಿಟ್ಸ್‌ಬರ್ಗ್ ಸೋತಿತ್ತು.

ಸ್ವೀಡನ್ನಿನ ಮೋಲ್ನ್‌ಡಾಲಿನ ಆ ಮನೆಯಲ್ಲಿದ್ದಷ್ಟು ದಿನವೂ ನನಗೆ ಅದೊಂದು ಅಭ್ಯಾಸ. ಚಳಿ ಎಷ್ಟಿದೆ, ಮಳೆ ಬರುತ್ತದೋ ಇಲ್ಲವೋ ಎಂದು ನೋಡುವ ಮೊದಲು ಕಣ್ಣು ಆ ಕಂಬಿಯ ಕಡೆಗೆ ಹೋಗುತ್ತಿತ್ತು. ಅಮೆರಿಕದಲ್ಲಿ ಹಿಂದಿನ ದಿನ ನಡೆದ ಬೇಸ್‌ಬಾಲ್ ಪಂದ್ಯದಲ್ಲಿ ಪಿಟ್ಸ್‌ಬರ್ಗ್ ಗೆದ್ದಿದ್ದರೆ ಹಳದಿ ಅಕ್ಷರದ ಕಪ್ಪು ಟೋಪಿಯೊಂದು ಅಲ್ಲಿ ಕೂತಿರುತ್ತಿತ್ತು. ಬಿಸಿಲಿಗಿಂತ ಹೆಚ್ಚಾಗಿ ಕಪಾಟಿನಲ್ಲಿದ್ದು ಮಾಸಿದ ಟೋಪಿ ಅದು.

ಟೋಪಿಯ ಯಜಮಾನರನ್ನು ನಾವೆಲ್ಲ ಪಿಟ್ಸ್‌ಬರ್ಗ್ ಅಂಕಲ್ ಎನ್ನುತ್ತಿದ್ದೆವು. ಟಿ. ನರಸೀಪುರದವರು. ರಸಾಯನಶಾಸ್ತ್ರ ಓದಿ, ಎಳೆಯ ವಯಸ್ಸಿನಲ್ಲೇ ಪಿಟ್ಸ್‌ಬರ್ಗಿಗೆ ಹೋಗಿ, ಅಲ್ಲಿ ಬಹಳ ಕಾಲ ಇದ್ದು, ಆಮೇಲೆ ನಮ್ಮವರು ಕೆಲಸ ಮಾಡುವ ಔಷಧ ಕಂಪನಿಗೆ ಹಿರಿಯರಾಗಿ ಬಂದವರು. ಸ್ವೀಡನ್ನಿನಲ್ಲಿದ್ದ ಕನ್ನಡದವರೆಲ್ಲ ಸೇರಿದಾಗ ಮಾತು ಕ್ರಿಕೆಟ್ಟಿಗೆ ಹೋಗುತ್ತಿತ್ತು. ಇವರು ಮಾತ್ರ ಮೂಲೆಯಲ್ಲಿ ಕೂತು, "ನಿಮ್ಮ ಆಟದಲ್ಲಿ ಒಬ್ಬ ಇಡೀ ದಿನ ನಿಂತ್ಕೊಂಡು ಒಂದೂ ರನ್ ಹೊಡೀದೇ ಇದ್ರೂ ಚಪ್ಪಾಳೆ ಹೊಡೀತೀರಲ್ರಯ್ಯ," ಎಂದು ಛೇಡಿಸುತ್ತಿದ್ದರು. ನಮ್ಮವರು ಸುಮ್ಮನಿರುವವರಲ್ಲ. "ಅಂಕಲ್, ನಿಮ್ಮ ಟೀಮು ಇಡೀ ವರ್ಷ ನಿಂತ್ಕೊಂಡ್ರೂ ಹೊಡಿಯಲ್ಲ. ಅದಕ್ಕೆ ನೀವು ಕಾಫೀನೇ ಬಿಟ್ಟಿದೀರ," ಎನ್ನುತ್ತಿದ್ದರು.

ಅಂಕಲ್ ಕಾಫಿ ಬಿಟ್ಟದ್ದು ನಿಜ. ಅದು ಹೀಗೆ.

ಅವರು ಪಿಟ್ಸ್‌ಬರ್ಗಿನಲ್ಲಿದ್ದಾಗ ಆ ತಂಡ ಚೆನ್ನಾಗಿಯೇ ಆಡುತ್ತಿತ್ತಂತೆ. ಒಂದು ವರ್ಷ ಇನ್ನೇನು ಮೇಲಕ್ಕೆ ಹೋಗಬೇಕು, ಕಟ್ಟಕಡೆಯ ಗಳಿಗೆಯಲ್ಲಿ ಸೋತರು. ಮಾರನೆಯ ಬೆಳಿಗ್ಗೆ ಅಂಕಲ್ ಸ್ನಾನ ಮಾಡಿ, ಊರಾಚೆ ಗುಡ್ಡದ ಮೇಲಿರುವ ವೆಂಕಟರಮಣನ ದೇವಸ್ಥಾನಕ್ಕೆ ಕಾರು ಓಡಿಸಿಕೊಂಡು ಹೋಗಿ ಕೈಮುಗಿದು ನಿಂತರು. "ಬರೋ ವರ್ಷ ನಮ್ಮವರಿಗೆ ಸೋಲಿಗಿಂತ ಗೆಲುವು ಒಂದಾದ್ರೂ ಹೆಚ್ಚು ಬರಲಿ ತಂದೆ. ಅಲ್ಲೀವರೆಗೂ ಕಾಫಿ ಮುಟ್ಟಲ್ಲ." ಕಾಶಿಗೆ ಹೋದವರು ಇಷ್ಟದ ತರಕಾರಿಯನ್ನೋ ಹಣ್ಣನ್ನೋ ಬಿಟ್ಟು ಬರುತ್ತಾರಲ್ಲ, ಹಾಗೆ. ಹೇಗಿದ್ದರೂ ಒಳ್ಳೆಯ ತಂಡ, ಒಂದು ವರ್ಷದ ಮಾತು ಎಂದುಕೊಂಡಿದ್ದರು. ಆ ತಂಡ ಅಲ್ಲಿಂದಾಚೆ ಒಂದು ವರ್ಷವೂ ತಲೆಯೆತ್ತಲಿಲ್ಲ.

"ದೇವರ ಹತ್ರ ಮಾತಾಡೋವಾಗ ಸ್ವಲ್ಪ ನೋಡ್ಕೊಂಡು ಮಾತಾಡ್ಬೇಕು ಕಣೇ," ಎಂದು ಆಂಟಿ, ಅಂದರೆ ಅವರ ಹೆಂಡತಿ, ನನಗೆ ಬುದ್ಧಿ ಹೇಳುತ್ತಿದ್ದರು. "ಇವ್ರು ಟೀಮ್ ಗೆಲ್ಲಲಿ ಅಂತ ಕೇಳಿದ್ರೋ, ನನ್ನ ಕಾಫಿಪುಡಿ ಉಳೀಲಿ ಅಂತ ಕೇಳಿದ್ರೋ ಗೊತ್ತಿಲ್ಲ. ಆತ ಎರಡನೇದನ್ನ ನಡೆಸಿಕೊಟ್ಟ."

ಮೈಸೂರು ಸೀಮೆಯವರೊಬ್ಬರು ಕಾಫಿ ಕುಡಿಯದಿರುವುದೇ ಒಂದು ವಿಚಿತ್ರ. ಅದರ ಮೇಲೆ ಈ ದೇಶ ಬೇರೆ! ಇಲ್ಲಿ ಬೆಳಿಗ್ಗೆ ಫೀಕಾ, ಮಧ್ಯಾಹ್ನ ಫೀಕಾ. ಕೆಲಸ ಬಿಟ್ಟೆದ್ದು ಎಲ್ಲರೂ ಕೂತು ಕಾಫಿ ಕುಡಿದು ದಾಲ್ಚಿನ್ನಿ ಬನ್ನು ತಿನ್ನದಿದ್ದರೆ ಆಫೀಸು ನಡೆಯುವುದೇ ಇಲ್ಲ. ಅಂಕಲ್ ಒಂದು ದೊಡ್ಡ ಮಗ್ಗಿನಲ್ಲಿ ಬಿಸಿನೀರು ಹಿಡಿದು ಕೂರುತ್ತಿದ್ದರು. ಪಕ್ಕದವರ ಕಪ್ಪಿನ ಕಡೆಗೆ ಸ್ವಲ್ಪ ಬಾಗಿ, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದುಕೊಳ್ಳುತ್ತಿದ್ದರು. ನಮ್ಮ ಮನೆಗೆ ಬಂದರೂ ಅಷ್ಟೇ. ನನ್ನ ಲೋಟವನ್ನು ಕೈಗೆ ತೆಗೆದುಕೊಂಡು, ಮೂಗಿನ ಹತ್ತಿರ ಒಯ್ದು, "ಚಿಕೋರಿ ಸ್ವಲ್ಪ ಮುಂದಾಯ್ತು ಕಣಮ್ಮ," ಎಂದು ತೀರ್ಪು ಕೊಟ್ಟು ಹಿಂತಿರುಗಿಸುತ್ತಿದ್ದರು.

"ಅಂಕಲ್, ಹರಕೆ?"

"ವಾಸನೆಗೆ ಹರಕೆ ಅನ್ವಯಿಸಲ್ಲ."

ಆ ಬೆಳಿಗ್ಗೆ ಡಿಕಾಕ್ಷನ್ ಇಳಿಯುವ ಹೊತ್ತಿಗೆ ಆಂಟಿಯೇ ಬಾಗಿಲು ತಟ್ಟಿದರು. ಅವರ ಫಿಲ್ಟರು, ಪಾತ್ರೆಪಗಡ ಎಲ್ಲ ಪೆಟ್ಟಿಗೆ ಸೇರಿದ್ದವು. ಅಂಕಲ್‌ಗೆ ನಿವೃತ್ತಿಯಾಗಿತ್ತು. ಮುಂದಿನ ವಾರ ಇಬ್ಬರೂ ಪಿಟ್ಸ್‌ಬರ್ಗಿಗೇ ವಾಪಸು, ಮಗಳ ಮನೆಯ ಹತ್ತಿರ. ಆಂಟಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಒಬ್ಳೇ ಕಾಫಿ ಕುಡಿದೂ ಕುಡಿದೂ ಸಾಕಾಗಿದೆ ಕಣೇ. ಬೆಳಿಗ್ಗೆ ಎದುರಿಗೆ ಕೂತ್ಕೊಂಡು ಬಿಸಿನೀರು ಊದ್ತಿರ್ತಾರೆ. ಜ್ವರ ಬಂದೋರ ಮನೇಲಿ ಕೂತ ಹಾಗಾಗುತ್ತೆ ನನಗೆ. ಅಲ್ಲಿಗೆ ಹೋದ್ಮೇಲಂತೂ ಮುಗೀತು. ಎದುರಿಗೇ ಸ್ಟೇಡಿಯಂ, ಗುಡ್ಡದ ಮೇಲೆ ಆತ. ಇನ್ನೂ ಹಟ ಜಾಸ್ತಿಯಾಗುತ್ತೆ. ಏನಿದ್ರೂ ಇವತ್ತೇ ಆಗ್ಬೇಕು. ಸಂಜೆಗೆ ಡಿಕಾಕ್ಷನ್ ಸ್ವಲ್ಪ ಜಾಸ್ತಿ ಹಾಕಿಡು."

ಆ ದಿನ ಆಗಬೇಕಾಗಿದ್ದುದು ಒಂದು ಪಂದ್ಯ. ಅದನ್ನು ಹೇಳುವ ಮೊದಲು ಚಿಕಾಗೋ ಅಜ್ಜಿಯ ಬಗ್ಗೆ ಹೇಳಬೇಕು.

ಅಜ್ಜಿ ನಮ್ಮ ಕಟ್ಟಡದ ಮೂರನೆಯ ಮಹಡಿಯವರು, ಸ್ವೀಡಿಷ್. ವಯಸ್ಸಿನಲ್ಲಿ ಚಿಕಾಗೋದಲ್ಲಿ ನರ್ಸ್ ಆಗಿದ್ದವರು. ಅಲ್ಲಿ ಅವರು ಬಾಡಿಗೆಗಿದ್ದ ಮನೆ ಬೇಸ್‌ಬಾಲ್ ಮೈದಾನದ ಪಕ್ಕದಲ್ಲೇ ಇತ್ತಂತೆ. ಬಟ್ಟೆ ಒಣಹಾಕಲು ತಾರಸಿಗೆ ಹೋದವರು ಕ್ಲಿಪ್ಪು ಹಲ್ಲಲ್ಲಿ ಕಚ್ಚಿಕೊಂಡೇ ಪಂದ್ಯ ನೋಡಿಬರುತ್ತಿದ್ದರಂತೆ. ಚಿಕಾಗೋದಲ್ಲಿ ಎರಡು ತಂಡಗಳು. ಅಜ್ಜಿಯದು ಸುಮಾರು ನೂರು ವರ್ಷದಿಂದ ಪ್ರಶಸ್ತಿ ಗೆಲ್ಲದೆ ಕೂತಿದ್ದ ತಂಡ. ಇನ್ನೊಂದು ಕೆಲವು ವರ್ಷದ ಹಿಂದೆ ಗೆದ್ದಿತ್ತು. ಅಜ್ಜಿಯ ಮುಂದೆ ಅದರ ಮಾತೆತ್ತಬಾರದು.

ಇವರಿಬ್ಬರೂ ಒಬ್ಬರನ್ನೊಬ್ಬರು ಕಂಡುಕೊಂಡದ್ದು ಬಟ್ಟೆ ಒಗೆಯುವ ಕೋಣೆಯಲ್ಲಿ. ಇಲ್ಲಿ ಮನೆಮನೆಗೂ ವಾಷಿಂಗ್ ಮಷಿನ್ ಇರುವುದಿಲ್ಲ. ನೆಲಮಾಳಿಗೆಯಲ್ಲಿ ಎರಡೂ ಕಟ್ಟಡದವರಿಗೆ ಸೇರಿ ಒಂದು ಕೋಣೆ. ಗೋಡೆಯ ಹಲಗೆಯ ಮೇಲೆ ನಮ್ಮ ನಮ್ಮ ಪುಟ್ಟ ಬೀಗ ಸಿಕ್ಕಿಸಿ ಹೊತ್ತು ಗೊತ್ತು ಮಾಡಿಕೊಳ್ಳಬೇಕು. ಒಬ್ಬರ ಹೊತ್ತಿನಲ್ಲಿ ಇನ್ನೊಬ್ಬರು ಹೆಜ್ಜೆಯಿಟ್ಟರೆ ಮಾತು ಬಿಟ್ಟುಹೋಗುತ್ತದೆ, ಅಷ್ಟು ಕಟ್ಟುನಿಟ್ಟು. ಅಜ್ಜಿಯ ಹೊತ್ತು ಮುಗಿದ ಮೇಲೆ ಅಂಕಲ್ ಹೊತ್ತು. ಮೊದಲ ಸಲ ಅಂಕಲ್ ಟೋಪಿ ಹಾಕಿಕೊಂಡು ಬುಟ್ಟಿ ಹಿಡಿದು ಇಳಿದಾಗ ಅಜ್ಜಿ ಟೋಪಿಯನ್ನೇ ದಿಟ್ಟಿಸಿ, "ಪಾಪ," ಎಂದರಂತೆ. ಅಂಕಲ್, "ನಿಮ್ಮದು ಯಾವ ಊರು?" ಎಂದರು. "ಚಿಕಾಗೋ. ಉತ್ತರದ ಕಡೆ." "ಅಯ್ಯೋ ಪಾಪ," ಎಂದರು ಅಂಕಲ್. ಅಲ್ಲಿಂದ ಮುಂದೆ ಅಜ್ಜಿ ತಮ್ಮ ಹೊತ್ತು ಮುಗಿದರೂ ಹೋಗುತ್ತಿರಲಿಲ್ಲ. ಈ ದೇಶದಲ್ಲಿ ಇದಕ್ಕಿಂತ ದೊಡ್ಡ ಸ್ನೇಹ ಇಲ್ಲ.

ನಾನೊಮ್ಮೆ ಮಗಳ ಬಟ್ಟೆ ತರಲು ಕೆಳಗಿಳಿದಾಗ ಕಂಡ ದೃಶ್ಯ ಇಂದಿಗೂ ಕಣ್ಣಲ್ಲಿದೆ. ಆಂಟಿಯ ಉದ್ದನೆಯ ಹಸಿರು ಕಾಟನ್ ಸೀರೆ. ಕೋಣೆಯ ಆ ತುದಿಯಲ್ಲಿ ಸೆರಗು ಹಿಡಿದು ಅಂಕಲ್, ಈ ತುದಿಯಲ್ಲಿ ಅಜ್ಜಿ. ಸೀರೆಯನ್ನು ಜಗ್ಗಿ, ಕೊಡವಿ, ಇಬ್ಬರೂ ಎದುರುಬದುರಾಗಿ ನಡೆದುಬಂದು ಅಂಚಿಗೆ ಅಂಚು ಸೇರಿಸುತ್ತಾರೆ. ಮತ್ತೆ ದೂರ ಹೋಗುತ್ತಾರೆ, ಮತ್ತೆ ಬರುತ್ತಾರೆ. ಮಾತು ಮಾತ್ರ ನಿಲ್ಲುವುದಿಲ್ಲ. ಮಾತು ಇಂಗ್ಲಿಷು, ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

"ನಿನ್ನೆ ಹೇಗೆ ಸೋತ್ರಿ?" ಎಂದರು ಅಜ್ಜಿ.

"ಮೊದಲಿಂದಾನೇ ಸೋತ್ವಿ. ನಿಧಾನವಾಗಿ. ನೀವು?"

"ನಾವು ಕೊನೇವರೆಗೂ ಮುಂದಿದ್ವಿ. ಆಮೇಲೆ ಸೋತ್ವಿ."

"ಅದು ಜಾಸ್ತಿ ನೋವು. ಈ ವಾರ ಮೇಲುಗೈ ನಿಮ್ಮದೇ." ಅಂಕಲ್ ಅಂಚನ್ನು ಅಜ್ಜಿಯ ಕೈಗೆ ಕೊಟ್ಟರು. "ಆದರೆ ಊರಿನ ವಿಷಯಕ್ಕೆ ಬಂದ್ರೆ ಪಿಟ್ಸ್‌ಬರ್ಗ್ ಮುಂದೆ ನಿಮ್ಮ ಚಿಕಾಗೋ ಏನೂ ಅಲ್ಲ."

"ಗಾಳಿ ಇದೆಯಾ ನಿಮ್ಮಲ್ಲಿ? ಸರೋವರ ಇದೆಯಾ? ನನ್ನ ನರ್ಸ್ ಟೋಪೀನ ಗಾಳಿ ಹಾರಿಸ್ಕೊಂಡು ಹೋಗಿ ಸರೋವರಕ್ಕೆ ಹಾಕಿತ್ತು, ಗೊತ್ತಾ?"

"ನಮ್ಮಲ್ಲಿ ನದಿ ಇದೆ. ಎರಡು ಬಂದು ಸೇರಿ ಮೂರನೇದಾಗಿ ಹರಿಯುತ್ತೆ." ಅಂಕಲ್ ಸೀರೆ ಬಿಟ್ಟು ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದರು. "ನಮ್ಮ ನರಸೀಪುರದ ಸಂಗಮದ ಹಾಗೇ ಕಣಮ್ಮ! ಮೊದಲ ಸಲ ಹೋದಾಗ ಬೆಟ್ಟದೊಳಗೆ ಸುರಂಗ, ಕತ್ತಲೆ. ಏನು ಊರಪ್ಪಾ ಇದು ಅಂದ್ಕೋತಾ ಇದ್ದೆ. ಸುರಂಗದಿಂದ ಆಚೆ ಬಂದ ತಕ್ಷಣ ನದಿ, ಸೇತುವೆ, ಇಡೀ ಊರು ಒಂದೇ ಸಲಕ್ಕೆ ಎದುರಿಗೆ! ಮಂಗಳಾರತಿಗೆ ಗರ್ಭಗುಡಿ ಪರದೆ ಸರಿಸ್ತಾರಲ್ಲ, ಹಾಗೆ. ಅವತ್ತೇ ಅನ್ಕೊಂಡೆ, ಈ ಊರಿಗೆ ಯಾವ ಟೀಮ್ ಇದೆಯೋ ಅದೇ ನಂದು ಅಂತ. ಅವರು ಹೇಗೆ ಆಡ್ತಾರೆ ಅಂತ ಕೇಳ್ಲಿಲ್ಲ ನಾನು."

ಅಜ್ಜಿ ಅರ್ಧ ಮಡಿಸಿದ ಸೀರೆ ಹಿಡಿದು ನಿಂತೇ ನನ್ನನ್ನು ಕೇಳಿದರು. "ನಿನಗೆ ಇಷ್ಟವಾದ ಅಮೆರಿಕದ ಊರು ಯಾವುದು?"

ನಾನು ಅಮೆರಿಕವನ್ನು ನೋಡಿದವಳೇ ಅಲ್ಲ. ಆದರೂ ಕೇಳಿದಾಗ ಸುಮ್ಮನಿರಬಾರದು ಎಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ನಮ್ಮ ಶಾಲೆಯ ಚಾಪೆಲಿನಲ್ಲಿ ನೀಲಿ ನಿಲುವಂಗಿಯ ಸಂತ ಲೂಯಿ ದೊರೆಯ ಚಿತ್ರವಿತ್ತು. ಪ್ರಾರ್ಥನೆಯ ಹೊತ್ತಿನಲ್ಲಿ ನಾನು ಅದನ್ನೇ ನೋಡುತ್ತಿದ್ದೆ. "ಸೇಂಟ್ ಲೂಯಿ," ಎಂದುಬಿಟ್ಟೆ.

ಅಜ್ಜಿ ಸೀರೆಯನ್ನು ಹಾಗೇ ಅಂಕಲ್ ಕೈಗೆ ಕೊಟ್ಟುಬಿಟ್ಟರು.

"ಸೇಂಟ್ ಲೂಯಿನಾ!" ಎಂದರು ಅಂಕಲ್. "ಅವರು ಗೆಲ್ತಾನೇ ಇರ್ತಾರಲ್ಲಮ್ಮಾ! ಗೆಲ್ಲೋ ಊರನ್ನ ಯಾರಾದ್ರೂ ಆರಿಸ್ಕೋತಾರಾ?"

"ಚಿಕ್ಕ ವಯಸ್ಸು," ಎಂದರು ಅಜ್ಜಿ, ಕ್ಷಮಿಸುವ ದನಿಯಲ್ಲಿ.

ಅಂಕಲ್ ಸೀರೆಯನ್ನು ಬುಟ್ಟಿಯಲ್ಲಿಟ್ಟು, ಮೇಲೆ ಕೈಯಾಡಿಸಿ ಮಟ್ಟ ಮಾಡಿದರು. "ಗೆಲ್ಲೋ ಟೀಮಿಗೆ ಯಾರು ಬೇಕಾದ್ರೂ ಅಭಿಮಾನಿ ಆಗ್ತಾರೆ. ಸೋಲೋರಿಗೆ ಮನೆಯವರು ಬೇಕು," ಎಂದರು. ಅದು ಅವರ ಮಾತು. ಇನ್ನೊಂದು ಮಾತೂ ಇತ್ತು: "ಏಪ್ರಿಲ್‌ನಲ್ಲಿ ಎಲ್ಲರೂ ಸಮ." ಏಪ್ರಿಲಿನಲ್ಲಿ ಆಟದ ವರ್ಷ ಶುರುವಾಗುತ್ತಿತ್ತು. ಆ ತಿಂಗಳು ಅಂಕಲ್ ನಡಿಗೆಯೇ ಬೇರೆ. ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದರು. ಜೂನಿನ ಹೊತ್ತಿಗೆ ಮತ್ತೆ ಒಂದೊಂದೇ ಮೆಟ್ಟಿಲು.

ಪಂದ್ಯದ ಯೋಚನೆ ಆಂಟಿ ಮತ್ತು ಅಜ್ಜಿಯದು. ಆಂಟಿಯ ಇಂಗ್ಲಿಷು ಅಜ್ಜಿಗೆ ತಿಳಿಯದು, ಅಜ್ಜಿಯದು ಆಂಟಿಗೆ. ಆದರೂ ಹೇಗೋ ಒಪ್ಪಂದವಾಗಿತ್ತು. ಅಂಗಳದಲ್ಲೇ ಎರಡು ತಂಡ ಕಟ್ಟುವುದು. ಒಂದು ಪಿಟ್ಸ್‌ಬರ್ಗ್, ಒಂದು ಚಿಕಾಗೋ. ಪಿಟ್ಸ್‌ಬರ್ಗ್ ಗೆದ್ದರೆ ಹರಕೆ ತೀರಿದ ಹಾಗೆ, ಅಂಕಲ್ ಕಾಫಿ ಕುಡಿಯಬೇಕು. ಅಂಕಲ್ ಬಹಳ ಯೋಚಿಸಿ, ಟೋಪಿ ತೆಗೆದು, ಹಾಕಿಕೊಂಡು, ಒಪ್ಪಿದರು. "ಈ ವರ್ಷ ಇದೊಂದೇ ಪಂದ್ಯ ಅಂತ ಲೆಕ್ಕ ಇಟ್ಕೊಂಡ್ರೆ, ಗೆದ್ರೆ ಸೋಲಿಗಿಂತ ಗೆಲುವು ಹೆಚ್ಚೇ ಆಯ್ತು. ಆದ್ರೆ ಒಂದು ಮಾತು. ಬೇಕಂತ ಯಾರೂ ಸೋಲಬಾರದು. ಕೊಟ್ಟ ಗೆಲುವು ಗೆಲುವಲ್ಲ. ಆತನಿಗೆ ಗೊತ್ತಾಗುತ್ತೆ."

"ನಾನಾ? ಪಿಟ್ಸ್‌ಬರ್ಗಿಗೆ ಸೋಲೋದಾ?" ಎಂದು ಅಜ್ಜಿ ನಕ್ಕುಬಿಟ್ಟರು. "ನನ್ನದೂ ಒಂದು ಮಾತು. ಸಮ ಬಂದ್ರೆ ಗೆಲುವು ಚಿಕಾಗೋಗೆ. ನಾವು ನಿಮಗಿಂತ ಹೆಚ್ಚು ಕಾಲದಿಂದ ಕಾಯ್ತಾ ಇದೀವಿ."

"ನ್ಯಾಯ," ಎಂದರು ಅಂಕಲ್.

ಆ ಶನಿವಾರವನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಅಂದು ಅಂಗಳ ಗುಡಿಸುವ ದಿನ. ಚಳಿಗಾಲಕ್ಕೆ ಮುಂಚೆ ಒಂದು ದಿನ ಎರಡೂ ಕಟ್ಟಡಗಳ ನಿವಾಸಿಗಳೆಲ್ಲ ಕೆಳಗಿಳಿದು, ಎಲೆ ಬಾಚಿ, ಮರಳುಗುಂಡಿ ಮಗುಚಿ, ಬೆಂಚಿಗೆ ಬಣ್ಣ ಬಳಿದು, ಕೊನೆಗೆ ಕೆಂಡದ ಮೇಲೆ ಸಾಸೇಜು ಸುಟ್ಟು ತಿನ್ನುವುದು ರೂಢಿ. ವರ್ಷವಿಡೀ ಮೆಟ್ಟಿಲಲ್ಲಿ ಕಂಡರೆ "ಹೇಯ್" ಎಂದಷ್ಟೇ ಹೇಳಿ ಹೋಗುವವರೆಲ್ಲ ಅಂದು ಕೈಗೆ ಸಿಗುತ್ತಾರೆ. ಎಲೆ ಬಾಚುವುದು ಮುಗಿಯುತ್ತಲೇ ಅಂಕಲ್ ಬಾಗಿಲ ಹಿಂದೆ ವರ್ಷಗಟ್ಟಲೆ ನಿಂತಿದ್ದ ಮರದ ಬ್ಯಾಟನ್ನು ಹೆಗಲ ಮೇಲಿಟ್ಟುಕೊಂಡು ಬಂದರು. ಹಿಂದೆ ಆಂಟಿ, ಕಾಲೊರಸುಗಳ ಹೊರೆ ಹೊತ್ತು. ನಾಲ್ಕು ಮನೆಯ ಕಾಲೊರಸು ನಾಲ್ಕು ಮೂಲೆಗೆ. ಹೊಡೆದವರು ನಾಲ್ಕನ್ನೂ ತುಳಿದು ಸುತ್ತಿ ಬಂದರೆ ಒಂದು ರನ್. ಕಾಲಿಡುವ ಮೊದಲು ಚೆಂಡು ಅಲ್ಲಿಗೆ ಬಂದರೆ ಔಟ್. ಕೊನೆಯದು ಅಂಕಲ್ ಮನೆಯ ಕಾಲೊರಸು. ಚೆಂಡು ಮಾತ್ರ ಟೆನಿಸಿನದು, ಕಿಟಕಿಗಳ ಮೇಲಿನ ಕರುಣೆಯಿಂದ.

"ಹೊಡೆದ ತಕ್ಷಣ ಬ್ಯಾಟ್ ಬಿಸಾಕಿ ಓಡಬೇಕು," ಎಂದು ಅಂಕಲ್ ನಮ್ಮ ಪಿಟ್ಸ್‌ಬರ್ಗ್ ತಂಡಕ್ಕೆ ಪಾಠ ಹೇಳಿದರು. "ಕೇಳಿಸ್ತೇನ್ರಯ್ಯಾ, ಕ್ರಿಕೆಟ್ ಪಂಡಿತರೇ? ಬ್ಯಾಟ್ ಬಿಡಿ. ಓಡಿ."

"ಇಷ್ಟೇ ತಾನೆ ಅಂಕಲ್," ಎಂದರು ನಮ್ಮವರು ತೋಳು ಮಡಿಸುತ್ತ.

ಸ್ವೀಡನ್ನಿನ ಮಕ್ಕಳೆಲ್ಲ ಶಾಲೆಯಲ್ಲಿ ಇಂಥದೇ ಒಂದು ಆಟ ಆಡಿ ಬೆಳೆದವರು. ಚೆಂಡಿಗೆ ಬ್ಯಾಟು ತಾಗಿತೋ ಇಲ್ಲವೋ, ಅಜ್ಜಿಯ ತಂಡದವರು ಬಾಣದಂತೆ ಓಡಿದರು. ಒಂದನೆಯ ಮಹಡಿಯ ದಂತವೈದ್ಯೆ ಬೂಟು ಕಳಚಿ ಬರಿಗಾಲಲ್ಲಿ ಓಡಿದರು. ಆಮೇಲೆ ನಮ್ಮವರ ಸರದಿ. ಮೊದಲ ಚೆಂಡಿಗೇ ಚಂದವಾಗಿ ಬಾಗಿ, ಮೊಣಕೈ ಎತ್ತಿ, ಕವರ್ ಡ್ರೈವ್ ಹೊಡೆದರು. ಚೆಂಡು ಹುಲ್ಲಿನ ಮೇಲೆ ಜಾರಿತು. ನಮ್ಮವರು ಹೊಡೆದ ಭಂಗಿಯಲ್ಲೇ ನಿಂತು ಅದು ಹೋಗುವುದನ್ನು ನೋಡಿದರು.

"ಓಡ್ರೀ!" ಎಂದು ಕೂಗಿದೆ.

"ಫೀಲ್ಡರ್ ಇದಾನೆ ಕಣೇ, ರನ್ ಇಲ್ಲ," ಎಂದರು ನಮ್ಮವರು, ಬಹಳ ವಿವೇಕದಿಂದ.

ಅಷ್ಟರಲ್ಲಿ ಅವರು ಔಟಾಗಿದ್ದರು. ಅವರ ಸ್ನೇಹಿತರೊಬ್ಬರು, ಹುಬ್ಬಳ್ಳಿಯ ಹುಡುಗ, ಹೊಡೆದು ಓಡಿದರೇನೋ ಸರಿ, ಮೊದಲ ಕಾಲೊರಸು ಮುಟ್ಟಿ ಎರಡನೆಯದಕ್ಕೆ ಹೋಗುವ ಬದಲು ಹೊರಟಲ್ಲಿಗೇ ವಾಪಸು ಓಡಿಬಂದು, "ಎರಡು!" ಎಂದು ಬೆರಳು ತೋರಿಸಿದರು. ಅಂಕಲ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತುಬಿಟ್ಟರು. ನೋಡಿದರೆ ಹೆಗಲು ಕುಣಿಯುತ್ತಿತ್ತು. ನಗುತ್ತಿದ್ದರು.

ನಾನು ಕ್ರಿಕೆಟ್ ಆಡಿದವಳಲ್ಲ. ಅದೇ ನಮ್ಮ ತಂಡಕ್ಕೆ ಉಪಕಾರವಾಯಿತು. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಮಗೆ ರೌಂಡರ್ಸ್ ಆಡಿಸುತ್ತಿದ್ದರು. ಹೊಡಿ, ಕೋಲು ಬಿಡು, ಓಡು. ಎಷ್ಟೋ ವರ್ಷದ ಮೇಲೆ ಅಂದು ಬ್ಯಾಟು ಕೈಗೆ ಬಂದಾಗ ಕಾಲಿಗೆ ಎಲ್ಲ ನೆನಪಿತ್ತು. ಸಲ್ವಾರಿನ ಮೇಲೆ ಸ್ವೆಟರ್ ಹಾಕಿಕೊಂಡು ನಾನು ಓಡಿದ್ದನ್ನು ನೋಡಿ ಮಗಳು ಮರಳುಗುಂಡಿಯ ಅಂಚಿನಲ್ಲಿ ನಿಂತು ತನ್ನ ಗೆಳತಿಗೆ ಸ್ವೀಡಿಷಿನಲ್ಲಿ, "ಅದು ನನ್ನಮ್ಮ!" ಎಂದಳು. ಅಷ್ಟು ಹೆಮ್ಮೆಯಿಂದ ಅವಳು ನನ್ನನ್ನು ತೋರಿಸಿದ್ದು ಅದೇ ಮೊದಲು.

ಕೊನೆಯ ಸರದಿಗೆ ಬರುವಾಗ ನಾವು ಒಂದೇ ರನ್ ಹಿಂದೆ ಇದ್ದೆವು. ಇಬ್ಬರು ಔಟಾಗಿದ್ದರು, ಇನ್ನೊಬ್ಬರು ಔಟಾದರೆ ಆಟ ಮುಗಿಯಿತು. ನಾನು ಮೂರನೆಯ ಕಾಲೊರಸಿನ ಮೇಲೆ ಏದುಸಿರು ಬಿಡುತ್ತ ನಿಂತಿದ್ದೆ. ಹೊಡೆಯಲು ಬಂದವರು ಅಂಕಲ್. ನಾನು ಬಂದರೆ ಸಮ. ಸಮವೆಂದರೆ ಚಿಕಾಗೋಗೆ ಗೆಲುವು. ಅಂಕಲ್ ಕೂಡ ಸುತ್ತಿ ಬಂದರೆ ನಮ್ಮದು. ಬೆಂಚಿನ ಮೇಲೆ ಆಂಟಿ ಕೈಚೀಲವನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದರು. ತುಟಿ ಮಿಣಮಿಣ ಆಡುತ್ತಿತ್ತು. ಗುಡ್ಡದ ಮೇಲಿನವನ ಹತ್ತಿರವೇ ಮಾತಾಡುತ್ತಿದ್ದಿರಬೇಕು, ಈ ಸಲ ನೋಡಿಕೊಂಡು.

ಅಂಕಲ್ ಟೋಪಿಯನ್ನು ಹಿಂದಕ್ಕೆ ತಿರುಗಿಸಿ, ಬೀಸಿ ಹೊಡೆದರು. ಎಂಥ ಹೊಡೆತ! ಚೆಂಡು ಬರ್ಚ್ ಮರದ ಮೇಲಿಂದ ಹಾರಿ ಸೈಕಲ್ಲುಗಳ ಸಾಲಿನ ನಡುವೆ ಹೋಗಿ ಬಿತ್ತು. ನಾನು ಓಡಿ ಒಳಗೆ ಬಂದೆ. ಸಮ. ಅಂಕಲ್ ಮೊದಲನೆಯದು ದಾಟಿದರು, ಎರಡನೆಯದು ದಾಟಿದರು. ಆ ವಯಸ್ಸಿಗೆ ಆ ಓಟ! ಎಲ್ಲರೂ ಕೂಗುತ್ತಿದ್ದರು. ದಂತವೈದ್ಯೆ ಸೈಕಲ್ಲುಗಳ ನಡುವೆ ಮಂಡಿಯೂರಿ ಚೆಂಡು ಹುಡುಕುತ್ತಿದ್ದರು. ಆಗ ನನ್ನ ಕಣ್ಣಿಗೆ ಬಿತ್ತು. ಅಂಕಲ್ ಕೈಯಲ್ಲಿ ಬ್ಯಾಟಿತ್ತು.

"ಅಂಕಲ್, ಬ್ಯಾಟ್ ಬಿಡಿ!" ಎಂದೆ.

"ಬ್ಯಾಟ್ ಬಿಡ್ರೀ!" ಎಂದು ಆಂಟಿ ಎದ್ದು ನಿಂತರು.

ಅಂಕಲ್‌ಗೆ ಕೇಳಿಸಿದ್ದರೆ ತಾನೆ! ಮೂರನೆಯದನ್ನು ತುಳಿದು ತಿರುಗಿದರು. ಚೆಂಡು ಸಿಕ್ಕಿತು. ದಂತವೈದ್ಯೆ ಎಸೆದರು. ಅಜ್ಜಿ ಅಂಕಲ್ ಮನೆಯ ಕಾಲೊರಸಿನ ಪಕ್ಕದಲ್ಲಿ ನಿಂತು ಎರಡೂ ಕೈಯಲ್ಲಿ ಹಿಡಿದರು. ಇನ್ನು ಎರಡು ಹೆಜ್ಜೆ ಹಾಕಿ ಕಾಲಿಟ್ಟಿದ್ದರೆ ಆಗಿಹೋಗುತ್ತಿತ್ತು. ಆದರೆ ಅಂಕಲ್ ಅಷ್ಟು ದೂರದಿಂದಲೇ ಬಗ್ಗಿ, ಒಂದೇ ಕೈಯಲ್ಲಿ ಬ್ಯಾಟನ್ನು ಮುಂದಕ್ಕೆ ಚಾಚಿ, ಹುಲ್ಲನ್ನು ಸವರುತ್ತ ತಂದು, ಕಾಲೊರಸಿನ ಅಂಚಿಗೆ ಕಚಕ್ಕನೆ ಮುಟ್ಟಿಸಿ, ಅಲ್ಲೇ ನಿಂತುಬಿಟ್ಟರು. ನರಸೀಪುರದ ಹೊಳೆದಂಡೆಯಲ್ಲಿ ಕ್ರೀಸು ಮುಟ್ಟಿಸುತ್ತಿದ್ದ ಹುಡುಗನ ಹಾಗೆ. ಮುಖದಲ್ಲಿ ಗೆದ್ದ ಕಳೆ.

ಅಜ್ಜಿ ಚೆಂಡನ್ನು ಮೆಲ್ಲಗೆ ಅವರ ಹೆಗಲಿಗೆ ತಾಗಿಸಿದರು. "ಔಟ್."

ಅಂಕಲ್ ಬ್ಯಾಟನ್ನು ನೋಡಿದರು. ಕಾಲೊರಸನ್ನು ನೋಡಿದರು. ಕಾಲೊರಸಿಗೂ ತಮ್ಮ ಕಾಲಿಗೂ ನಡುವಿನ ಜಾಗವನ್ನು ನೋಡಿದರು. ಮೊದಲು ಮಾತಾಡಿದವರು ನಮ್ಮವರು.

"ಅಂಕಲ್, ಕ್ರಿಕೆಟ್‌ನಲ್ಲಾಗಿದ್ರೆ ನಾಟೌಟ್. ಕ್ಲೀನಾಗಿ ನಾಟೌಟ್."

ಅಂಕಲ್ ನಗಲು ಶುರುಮಾಡಿದರು. ನಕ್ಕು ನಕ್ಕು ಹುಲ್ಲಿನ ಮೇಲೆ ಕೂತರು, ಆಮೇಲೆ ಮಲಗಿಯೇ ಬಿಟ್ಟರು. ಟೋಪಿ ಉರುಳಿ ಹೋಯಿತು. ಏನಾಯಿತೆಂದು ತಿಳಿಯದ ಸ್ವೀಡಿಷರಿಗೆ ನಮ್ಮವರು ಕ್ರಿಕೆಟ್ಟಿನ ನಿಯಮ ವಿವರಿಸತೊಡಗಿದರು. ಸಾಸೇಜು ತಿಂದು ಮುಗಿಯುವವರೆಗೂ ಅದು ಮುಗಿಯಲಿಲ್ಲ. ಆಂಟಿ ಮಾತ್ರ ನಗುತ್ತಲೇ ಕಣ್ಣು ಒರೆಸಿಕೊಂಡು, "ಹೋಗ್ಲಿ ಬಿಡು," ಎಂದು ನನ್ನ ಕೈ ಅದುಮಿದರು. ಅದು ನಗುವಿನ ನೀರು ಮಾತ್ರವಲ್ಲ ಎಂದು ನನಗೆ ಗೊತ್ತಾಯಿತು.

ಸಂಜೆ ಎಲ್ಲರೂ ಮನೆ ಸೇರಿದ ಮೇಲೆ ಅಂಕಲ್, ಆಂಟಿ ಹೊಸ ಬಣ್ಣ ಒಣಗಿದ ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಎಲೆ ಬಾಚುವ ಕೋಲೊಂದು ನೆಲಕ್ಕೆ ಚುಚ್ಚಿಕೊಂಡು ನಿಂತಿತ್ತು. ಬಿಸಿಲು ಇನ್ನೂ ಇತ್ತು, ತೆಳ್ಳಗೆ. ಡಿಕಾಕ್ಷನ್ ಹೇಗಿದ್ದರೂ ಹೆಚ್ಚೇ ಇತ್ತು. ಆಂಟಿಗೆಂದು ಸ್ಟೀಲ್ ಲೋಟದಲ್ಲಿ ಕಾಫಿ, ಅಂಕಲ್‌ಗೆ ಮಗ್ಗಿನಲ್ಲಿ ಬಿಸಿನೀರು ತೆಗೆದುಕೊಂಡು ಕೆಳಗಿಳಿದೆ.

ಅಂಕಲ್ ಮಗ್ಗನ್ನು ಬೆಂಚಿನ ಮೇಲಿಟ್ಟು, ಎಂದಿನಂತೆ ಆಂಟಿಯ ಲೋಟವನ್ನು ಕೈಗೆ ತೆಗೆದುಕೊಂಡರು. ಮೂಗಿನ ಹತ್ತಿರ ಒಯ್ದರು. ಕಣ್ಣು ಮುಚ್ಚಿದರು. ಚಿಕೋರಿಯ ತೀರ್ಪಿಗೆ ನಾನು ಕಾದು ನಿಂತಿದ್ದೆ.

ಅಂಕಲ್ ಕುಡಿದರು. ಒಂದು ಗುಟುಕು. ಆಮೇಲೆ ಇನ್ನೊಂದು.

"ರೀ!" ಎಂದರು ಆಂಟಿ. "ಹರಕೆ!"

"ಹರಕೆ ಬೇಸ್‌ಬಾಲ್‌ದು ಕಣೇ. ನಾನು ಇವತ್ತು ಔಟಾಗಿದ್ದು ಕ್ರಿಕೆಟ್ ಆಡಿ." ಅಂಕಲ್ ಮೀಸೆಯ ನೊರೆ ಒರೆಸಿಕೊಂಡರು. "ಇಷ್ಟು ವರ್ಷ ನಾನು ಪಿಟ್ಸ್‌ಬರ್ಗ್‌ನವನು ಅಂತ ಕಾಫಿ ಬಿಟ್ಟಿದ್ದೆ. ಕೈಗೆ ನೋಡು, ನರಸೀಪುರ ಮರೆತೇ ಇಲ್ಲ. ನರಸೀಪುರದಲ್ಲಿ ಔಟಾದೋನು ಪೆವಿಲಿಯನ್‌ಗೆ ಬಂದು ಕೂತು ಕಾಫಿ ಕುಡೀತಾನೆ. ಅದೂ ಒಂದು ನಿಯಮಾನೇ." ಆಮೇಲೆ ಧ್ವನಿ ತಗ್ಗಿಸಿ, "ನೀನು 'ಹೋಗ್ಲಿ ಬಿಡು' ಅಂದಿದ್ದು ಕೇಳಿಸ್ತು," ಎಂದರು.

ಆಂಟಿ ಕೈಚೀಲ ತೆರೆದು, ಒಳಗಿನ ಪುಟ್ಟ ಜೇಬಿನಿಂದ ಒಂದು ಗಂಟು ತೆಗೆದು ಅವರ ಅಂಗೈಯಲ್ಲಿಟ್ಟರು. ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ನಾಣ್ಯ. ಹರಕೆ ತಪ್ಪಿದರೆ ದೇವರಿಗೆ ಸಲ್ಲಿಸುವ ತಪ್ಪುಕಾಣಿಕೆ. ಬಟ್ಟೆಯ ಅರಿಶಿನ ಬಿಳಿಚಿಕೊಂಡು, ಗಂಟು ಕಲ್ಲಿನಂತೆ ಬಿಗಿದಿತ್ತು.

"ಎಷ್ಟು ದಿನದಿಂದ ಇಟ್ಕೊಂಡಿದೀಯೇ ಇದನ್ನ?"

"ಮೊದಲನೇ ವರ್ಷದಿಂದ. ಆ ವರ್ಷ ನಿಮ್ಮ ಟೀಮ್ ಆಡೋದನ್ನ ಒಂದ್ಸಲ ನೋಡಿದೆ, ಸಾಕಾಯ್ತು. ಮುಂದಿನ ವಾರ ಹೇಗೂ ಅಲ್ಲೇ ಇರ್ತೀವಲ್ಲ, ನಾವೇ ಹೋಗಿ ಹಾಕೋಣ." ಆಂಟಿ ಅವರ ತಲೆಯ ಮೇಲಿನ ಟೋಪಿ ತೆಗೆದು, ಪಕ್ಕದಲ್ಲಿ ನಿಂತಿದ್ದ ಕೋಲಿನ ತುದಿಗೆ ಹಾಕಿದರು. "ಇವತ್ತು ಗೆದ್ದಿದ್ದು ನಾನು." ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದು ಲೋಟ ತಾರೇ. ನನಗೆಲ್ಲಿ ಉಳಿಸಿದಾರೆ!" ಎಂದರು.

ನಾನು ಇನ್ನೊಂದು ಲೋಟ ತಂದೆ. ಇಬ್ಬರೂ ಒಂದೇ ಬೆಂಚಿನಲ್ಲಿ, ಒಂದೇ ಬಣ್ಣದ ಕಾಫಿಯನ್ನು, ಒಂದೇ ಹೊತ್ತಿಗೆ ಊದಿ ಕುಡಿದರು. ಬಿಸಿನೀರಿನ ಮಗ್ಗು ಪಕ್ಕದಲ್ಲಿ ತಣ್ಣಗಾಗುತ್ತಿತ್ತು.

ಅಷ್ಟರಲ್ಲಿ ಚಿಕಾಗೋ ಅಜ್ಜಿ ಬಾಚುವ ಕೋಲುಗಳನ್ನೆಲ್ಲ ಷೆಡ್ಡಿಗೆ ಸೇರಿಸಲು ಬಂದರು. ಕೊನೆಯ ಕೋಲಿನ ಮೇಲೆ ಪಿಟ್ಸ್‌ಬರ್ಗಿನ ಟೋಪಿ ಕಂಡು, ಅದನ್ನು ಎರಡು ಬೆರಳಲ್ಲಿ ಎತ್ತಿ ಅಂಕಲ್‌ಗೆ ಕೊಟ್ಟು, ಕೋಲು ಕಿತ್ತು ಹೆಗಲ ಮೇಲಿಟ್ಟುಕೊಂಡರು. ಆಗ ಅಂಕಲ್ ಕೈಯಲ್ಲಿದ್ದ ಲೋಟ ಕಣ್ಣಿಗೆ ಬಿತ್ತು. ನಿಲ್ಲಲೂ ಇಲ್ಲ, ನಡೆಯುತ್ತಲೇ ಹೇಳಿದರು.

"ಅಂತೂ ಬುದ್ಧಿ ಬಂತಲ್ಲ. ನಾವು ಚಿಕಾಗೋದವರು ನೂರು ವರ್ಷ ಕಾದಿದ್ದು ಮತ್ತೆ ಹೇಗೆ ಅಂದ್ಕೊಂಡಿದ್ರಿ, ಕಾಫಿ ಇಲ್ದೇನಾ?"